ಮಾತಿಲ್ಲದ ಕಥೆಯ ಬಗ್ಗೆ

ಪತ್ರ: ‘ನಿಮ್ಮ ಪತ್ರಿಕೆಯ ಹೊಗಳಿಕೆ ನಂಬಿ ‘ಇನ್‌ಸೈಡ್’ ವಿಡಿಯೋ ಗೇಮ್ ಆಡಿದೆ. ಮೂರೂವರೆ ಗಂಟೆಗೆ ಮುಗಿದೇಹೋಯಿತು. ಒಗಟುಗಳು ಸುಲಭ, ಒಂದೇ ಒಂದು ಮಾತಿಲ್ಲ, ಕೊನೆಗೆ ತಲೆಬುಡ ತಿಳಿಯುವುದಿಲ್ಲ. ಇದರಲ್ಲಿ ಕಥೆ ಎಲ್ಲಿದೆ?’ - ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ:

ಒಗಟುಗಳು ಕಠಿಣವಲ್ಲ ಎಂಬ ನಿಮ್ಮ ಮಾತು ನಿಜ. ಒಮ್ಮೆ ಮುಗಿಸಿದವರಿಗೆ ಮತ್ತೆ ಆಡಲು ಕಾರಣ ಕಡಿಮೆ ಎಂಬ ದೂರೂ ತಪ್ಪಲ್ಲ. ಆದರೆ ‘ಕಥೆ ಎಲ್ಲಿದೆ’ ಎಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ.

ಕೋಪನ್‌ಹೇಗನ್ನಿನ ಪ್ಲೇಡೆಡ್ ಸಂಸ್ಥೆ 2010ರಲ್ಲಿ ‘ಲಿಂಬೋ’ ಎಂಬ ಆಟ ತಂದು, ಆರು ವರ್ಷ ದುಡಿದು 2016ರಲ್ಲಿ ‘ಇನ್‌ಸೈಡ್’ ಅನ್ನು ಹೊರತಂದಿತು. ಕೆಂಪು ಅಂಗಿಯ ಹುಡುಗನೊಬ್ಬ ಕತ್ತಲ ಕಾಡಿನಿಂದ ಓಡಲಾರಂಭಿಸುತ್ತಾನೆ. ಆಡುವವರ ಕೈಯಲ್ಲಿ ನೆಗೆಯಲು ಒತ್ತುವ ಗುಂಡಿ ಒಂದು, ಹಿಡಿಯಲು ಇನ್ನೊಂದು. ನನ್ನ ತಂಗಿಯ ಮಗ ಇದನ್ನು ಆಡುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಬುದ್ಧಿ ಕಳೆದುಕೊಂಡವರಂತೆ ಸಾಲಾಗಿ ನಡೆಯುವ ಜನರ ನಡುವೆ ಹುಡುಗ ಸೇರಿಕೊಳ್ಳಬೇಕಾದ ದೃಶ್ಯ ಬಂತು. ಸಾಲು ನಡೆದರೆ ನಡೆಯಬೇಕು, ನಿಂತರೆ ನಿಲ್ಲಬೇಕು, ನೆಗೆದರೆ ನೆಗೆಯಬೇಕು. ಹೆಜ್ಜೆ ತಪ್ಪಿದರೆ ಸಿಕ್ಕಿಬೀಳುತ್ತಾನೆ. ಎರಡು ಸಲ ಸೋತ ಮೇಲೆ ತಂಗಿಯ ಮಗ ಉಸಿರು ಬಿಗಿಹಿಡಿದು, ಹೆಬ್ಬೆರಳನ್ನು ಗುಂಡಿಯಿಂದ ಕೂದಲೆಳೆಯಷ್ಟು ಮೇಲೆ ಹಿಡಿದು, ಆ ಸಾಲಿನವರಲ್ಲಿ ಒಬ್ಬನಂತೆಯೇ ಕುಳಿತಿದ್ದ. ವಿಧೇಯತೆ ಎಂದರೇನೆಂದು ಅವನಿಗೆ ಯಾರೂ ಹೇಳಲಿಲ್ಲ, ಅದು ಅವನ ಬೆರಳಿಗೇ ತಿಳಿಯಿತು. ಮುಂದೆ ಅದೇ ಹುಡುಗ ತಲೆಗೆ ಯಂತ್ರದ ಟೋಪಿ ಹಾಕಿಕೊಂಡು ಅಂಥದೇ ನಿರ್ಜೀವ ಶರೀರಗಳನ್ನು ಆಡಿಸುತ್ತಾನೆ, ಅವನನ್ನು ನೀವು ಆಡಿಸುತ್ತಿರುತ್ತೀರಿ. ಒಗಟು ಸುಲಭವಾಗಿದ್ದರೆ ಇರಲಿ, ಅದನ್ನು ಬಿಡಿಸುವ ಕೈಯೇ ಕಥೆಯೊಳಗೆ ಸಿಕ್ಕಿಕೊಂಡಿದೆಯಲ್ಲ!

ಧ್ವನಿಯ ವಿಷಯವನ್ನು ನೀವು ಎತ್ತಿಯೇ ಇಲ್ಲ, ಅದು ನನಗೆ ಬೇಸರ ತಂದಿತು. ಆಟದ ಧ್ವನಿ ಸಂಯೋಜಿಸಿದ ಮಾರ್ಟಿನ್ ಸ್ಟಿಗ್ ಆಂಡರ್ಸನ್ ಶಬ್ದಗಳನ್ನು ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ ಧ್ವನಿಮುದ್ರಿಸಿಕೊಂಡರು. ನಮ್ಮದೇ ತಲೆಯೊಳಗೆ ಕೇಳಿದಂತಿರುವ ಆ ಮಂಕು ಗುಂಯ್‌ಗುಡಿತ ಬಂದದ್ದು ಅಲ್ಲಿಂದ. ಮಾತಿಲ್ಲ ಎಂದ ಮಾತ್ರಕ್ಕೆ ಆಟ ಮೂಕವಾಗಿಲ್ಲ. ಬ್ರಿಟನ್ನಿನ ಸಿನಿಮಾ, ಟಿವಿ, ಆಟಗಳ ಅಕಾಡೆಮಿಯಾದ ಬಾಫ್ಟಾದ 2017ರ ತೀರ್ಪುಗಾರರು ಈ ಆಟಕ್ಕೆ ಕೊಟ್ಟ ನಾಲ್ಕು ಪ್ರಶಸ್ತಿಗಳಲ್ಲಿ ಒಂದು ಕಥನಕ್ಕೇ ಸಂದಿತ್ತು ಎಂಬುದನ್ನು ನೆನಪಿಸುತ್ತೇನೆ.

ನನ್ನ ದೂರು ನಿಮ್ಮೊಬ್ಬರ ಮೇಲಲ್ಲ. ಆಟಗಳ ವಿಮರ್ಶೆಯೇ ಗಂಟೆ ಎಣಿಸುವ ಲೆಕ್ಕವಾಗಿಬಿಟ್ಟಿದೆ: ಎಷ್ಟು ದುಡ್ಡಿಗೆ ಎಷ್ಟು ಹೊತ್ತು, ಹತ್ತಕ್ಕೆ ಎಷ್ಟು ಅಂಕ. ನಮ್ಮ ಕಚೇರಿಗೆ ಬರುವ ಬರಹಗಳಲ್ಲೂ ಇದೇ ತಕ್ಕಡಿ ಕಾಣಿಸುತ್ತದೆ, ಎಷ್ಟನ್ನೋ ನಾನು ತಿದ್ದಿ ಬರೆಸಿದ್ದೇನೆ. ಆಟ ಮುಗಿದ ಮರುಕ್ಷಣವೇ ಅರ್ಥ ವಿವರಿಸುವ ವಿಡಿಯೋ ಹುಡುಕುವ ಅವಸರವೂ ಸೇರಿಕೊಂಡಿದೆ. ಒಂದು ರಾತ್ರಿಯಾದರೂ ಅರ್ಥವಾಗದೆ ಉಳಿಯುವ ಹಕ್ಕನ್ನು ಕಥೆಗೆ ನಾವೇಕೆ ಕೊಡುವುದಿಲ್ಲ?

ನೀವು ತಲೆಬುಡವಿಲ್ಲ ಎಂದ ಕೊನೆಯನ್ನೇ ತೆಗೆದುಕೊಳ್ಳಿ. ಹುಡುಗನನ್ನು ತನ್ನೊಳಗೆ ಸೆಳೆದುಕೊಂಡ, ಕೈಕಾಲುಗಳ ಆ ದೊಡ್ಡ ಮಾಂಸದ ಮುದ್ದೆ ಪ್ರಯೋಗಾಲಯ ಒಡೆದು ಹೊರಗುರುಳಿ, ಬೆಳಕು ಬಿದ್ದ ದಡದಲ್ಲಿ ನಿಶ್ಚಲವಾಗುತ್ತದೆ. ಅದು ಬಿಡುಗಡೆಯೆಂದು ಅನೇಕರು ನಂಬಿದರು. ಆದರೆ ಅದೇ ದಡದ ಪುಟ್ಟ ಮಾದರಿಯೊಂದು ಪ್ರಯೋಗಾಲಯದೊಳಗೆ ಮೊದಲೇ ಕಾಣಿಸುತ್ತದೆ. ಇನ್ನೊಮ್ಮೆ ಆಡುವುದಾದರೆ ಅಲ್ಲಿ ಒಂದು ನಿಮಿಷ ನಿಂತು ನೋಡಿ, ಆಮೇಲೆ ನನಗೆ ಬರೆಯಿರಿ.