ಸಸ್ಯಾಹಾರಿ ಮನೆಯಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ ಕೊಟ್ಟರೆ ಸಾಕಾಗುತ್ತಾ?

ಸಾಕಾಗಲ್ಲ. "ನಮ್ಮಜ್ಜಿ ಮನೆ ಬೆಕ್ಕು ಹಾಲನ್ನ ತಿಂದೇ ಬದುಕಿತ್ತು" ಅಂತ ಬರೆದಿದ್ದೀರಲ್ಲ, ಓದಿ ಎದೆ ಧಸಕ್ ಅಂದಿತು. ಇದೇ ಮಾತನ್ನು ನಾನೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮಜ್ಜಿ ಮನೆ ಮೇಲುಕೋಟೆಯಲ್ಲಿತ್ತು. ಈರುಳ್ಳಿ ಕೂಡ ಒಳಗೆ ಬರದ ಅಡುಗೆಮನೆ. ಬೆಳಿಗ್ಗೆ ಸಂಜೆ ಹಿತ್ತಲ ಬಾಗಿಲಲ್ಲಿ ಬೆಕ್ಕಿಗೆ ತೆಂಗಿನ ಚಿಪ್ಪಿನಲ್ಲಿ ಹಾಲನ್ನ. "ನಮ್ಮನೆ ಬೆಕ್ಕೂ ಮಡಿ ಕಣೋ" ಅನ್ನೋರು ಅಜ್ಜಿ. ಮೈ ಮಿರಮಿರ ಮಿಂಚುತ್ತಿತ್ತು ಅದರದ್ದು.

ಮೈಸೂರಿನಲ್ಲಿ ಸರಸ್ವತಿಪುರಂನ ಮೂರನೇ ಮಹಡಿ ಮನೆಗೆ ನಮ್ಮ ಬೆಕ್ಕು ಪುಟ್ಟಿಯನ್ನು ತಂದಾಗ ನನ್ನದೂ ಅದೇ ಲೆಕ್ಕ. ಕೆಳಗೆ ಬಿದ್ದೀತು ಅಂತ ಬಾಲ್ಕನಿಗೆ ಜಾಲರಿ ಹಾಕಿಸಿದೆ. ಜಾಲರಿ ಹಾಕಿಸಿದ್ದು ತಪ್ಪಲ್ಲ. ಜಾಲರಿ ಹಾಕಿ, ಒಳಗೆ ಬರೀ ಹಾಲನ್ನ ಕೊಟ್ಟೆನಲ್ಲ, ಅದು ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಅಜ್ಜಿಯ ಬೆಕ್ಕು ರಾತ್ರಿಯೆಲ್ಲ ಎಲ್ಲಿರುತ್ತಿತ್ತು? ಭತ್ತದ ಮೂಟೆಗಳ ಸಂದಿಯಲ್ಲಿ, ಹೆಂಚಿನ ಮೇಲೆ, ಹಿತ್ತಲಲ್ಲಿ. ಇಲಿ, ಹಲ್ಲಿ, ಗುಬ್ಬಿ, ಮಿಡತೆ. ಊಟ ಅಲ್ಲೇ ಮುಗಿಸಿ, ಬೆಳಿಗ್ಗೆ ಅಜ್ಜಿ ಮುಂದೆ ಬಂದು ಸಾಧುವಾಗಿ ಹಾಲನ್ನ ನೆಕ್ಕುತ್ತಿತ್ತು. ನಮಗೆ ಕಂಡಿದ್ದು ಚಿಪ್ಪು ಮಾತ್ರ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ, ನಮ್ಮನೇಲಿ ಕಣ್ಣು ಮುಚ್ಚಿಕೊಂಡಿದ್ದವರು ನಾವು. ಬೆಕ್ಕು ಮನುಷ್ಯನ ಹತ್ತಿರ ಬಂದಿದ್ದೇ ಇಲಿಗೋಸ್ಕರ ಅಲ್ವಾ? ಪಶ್ಚಿಮ ಏಷ್ಯಾದಲ್ಲಿ ಜನ ಕಾಳು ಬೆಳೆದು ಕೂಡಿಟ್ಟರು, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದರು. ಅಷ್ಟು ಹಳೇ ನಂಟು. ಆ ನಂಟಿನಲ್ಲಿ ಮೊಸರನ್ನ ಎಲ್ಲಿಂದ ಬರಬೇಕು?

ಪುಟ್ಟಿಗೆ ಮೂಟೆಯೂ ಇಲ್ಲ, ಹಿತ್ತಲೂ ಇಲ್ಲ. ಆಗೊಂದು ಈಗೊಂದು ಹಲ್ಲಿ, ಅಷ್ಟೇ.

ಒಂದೂವರೆ ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಕಟ್ಟೆಯಿಂದ ಫ್ರಿಜ್ ಮೇಲೆ ನೆಗೆಯಲು ಹೋಗಿ ಎರಡು ಮೂರು ಸಲ ಬಿತ್ತು. ನಕ್ಕೆವು. ಮಧ್ಯಾಹ್ನದ ಬಿಸಿಲಲ್ಲಿ ಬೆಕ್ಕಿನ ಕಣ್ಣಿನ ಕಪ್ಪು ದಾರದೆಳೆಯಷ್ಟು ಸಣ್ಣಗಾಗಬೇಕು. ಇದರದ್ದು ನೇರಳೆ ಹಣ್ಣಿನ ಹಾಗೆ ದುಂಡಗೇ ಇರುತ್ತಿತ್ತು. ಎಷ್ಟು ಮುದ್ದಾಗಿದೆ ಅಂತ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ ರೀ! ಕಣ್ಣಿಗೆ ಒಳ್ಳೇದು ಅಂತ ಮೊಸರನ್ನಕ್ಕೆ ಕ್ಯಾರೆಟ್ ಬೇರೆ ತುರಿದು ಹಾಕುತ್ತಿದ್ದೆ.

ಆಯುಧಪೂಜೆಗೆ ಮನೆ ತೊಳೆದಾಗ ಮರದ ಸ್ಟೂಲನ್ನು ಎರಡಡಿ ಆಚೆ ಇಟ್ಟಿದ್ದೆವು. ಪುಟ್ಟಿ ನೆಟ್ಟಗೆ ಬಂದು ಅದಕ್ಕೆ ಮುಖ ಗುದ್ದಿಕೊಂಡಳು. ಹಿಂದೆ ಸರಿದು, ಮತ್ತೆ ಗುದ್ದಿಕೊಂಡಳು.

ಡಾಕ್ಟರು ಏನು ಊಟ ಹಾಕ್ತೀರಿ ಅಂದರು. ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಟಾರಿನ್ ಅನ್ನೋ ಅಂಶ ಇದೆಯಂತೆ, ಸಿಗೋದು ಮಾಂಸ ಮೀನಿನಲ್ಲಿ. ನಿಮ್ಮನೆ ನಾಯಿ ಮೊಸರನ್ನದಲ್ಲೇ ಚೆನ್ನಾಗಿದೆ ಅಂತ ನೀವು ಬರೆದಿದ್ದೀರಿ. ನಾಯಿಯ ಮೈ ಸಾಮಾನ್ಯವಾಗಿ ಅದನ್ನು ತಾನೇ ಮಾಡಿಕೊಳ್ಳುತ್ತೆ, ಬೆಕ್ಕಿನ ಮೈಗೆ ಬೇಕಾದಷ್ಟು ಮಾಡಿಕೊಳ್ಳೋಕೆ ಆಗಲ್ಲ. ಅದು ಸಾಲದಿದ್ದರೆ ಕಣ್ಣಿನ ಹಿಂಪರದೆ ಸಾಯುತ್ತೆ, ಹೃದಯ ಸೋಲುತ್ತೆ. ಹೃದಯದ ವಿಷಯ ಗೊತ್ತಾಗಿದ್ದು 1987ರಲ್ಲಿ. ಆಮೇಲೆ ಪ್ಯಾಕೆಟ್ ಆಹಾರಗಳಲ್ಲಿ ಟಾರಿನ್ ಜಾಸ್ತಿ ಮಾಡಿದರು. ಇನ್ನು ನನ್ನ ಕ್ಯಾರೆಟ್? ಅದರ ಬಣ್ಣವನ್ನು ಎ ವಿಟಮಿನ್ ಮಾಡಿಕೊಳ್ಳೋಕೂ ಬೆಕ್ಕಿಗೆ ಬರಲ್ಲ. ಪುಟ್ಟಿಗೆ ಎರಡೂ ಆಗಿತ್ತು. ಊಟ ಬದಲಿಸಿದ ಮೇಲೆ ಹೃದಯ ಕೆಲವೇ ತಿಂಗಳಲ್ಲಿ ಸರಿಹೋಯಿತು. ಕಣ್ಣು ವಾಪಸ್ ಬರಲಿಲ್ಲ.

ಹಾಲು, ಅನ್ನ, ಪನೀರ್ ಇವುಗಳಲ್ಲಿ ಯಾವುದು ಒಳ್ಳೇದು ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಬೇಡ. ಬೆಳೆದ ಬೆಕ್ಕುಗಳಲ್ಲಿ ಎಷ್ಟಕ್ಕೋ ಹಾಲೇ ಜೀರ್ಣವಾಗಲ್ಲ, ಭೇದಿ ಆಗುತ್ತೆ. ಬೆಕ್ಕಿಗೇ ಅಂತ ಮಾಡಿದ ಪ್ಯಾಕೆಟ್ ತನ್ನಿ. ಬೆಕ್ಕಿಗೆ ಪೂರ್ತಿ ಆಹಾರ ಅಂತ ಅದರ ಮೇಲೆ ಬರೆದಿರಬೇಕು, ಬರೀ ಬಾಯಿರುಚಿ ತಿಂಡಿ ತರಬೇಡಿ. ನಾಯಿಯದ್ದನ್ನೂ ಹಾಕಬೇಡಿ. ನಮ್ಮಮ್ಮ ಮೊದಲು ಮುಖ ಸಿಂಡರಿಸಿದರು. ಡಬ್ಬ ಬಾಲ್ಕನಿಯಲ್ಲಿ, ತಟ್ಟೆ ಬೇರೆ, ತೊಳೆಯೋ ನಾರು ಬೇರೆ ಅಂತ ಮಾಡಿದೆವು. ಈಗ ಅಮ್ಮನೇ ಹಾಕ್ತಾರೆ. ಅಷ್ಟೂ ಆಗಲ್ಲ ಅಂದರೆ ಮೊಲ ಸಾಕಿ, ಅದು ಹುಲ್ಲು ತಿನ್ನುತ್ತೆ.

ನಿಮ್ಮದು ಆರು ತಿಂಗಳಿಂದ ಹಾಲನ್ನದಲ್ಲೇ ಇದೆ ಅಂದಿರಿ. ನಾಳೆ ಮಧ್ಯಾಹ್ನ ಬಿಸಿಲಲ್ಲಿ ಕೂರಿಸಿ ಕಣ್ಣು ನೋಡಿ. ದಾರದೆಳೆ ಕಂಡರೂ ಸುಮ್ನೆ ಕೂರಬೇಡಿ, ಈ ವಾರವೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.