ಜಿಪಿಡಿ ಪಾಕೆಟ್‌ಗೆ ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ, ಎಲ್ಲಿಂದ ಹುಡುಕಬೇಕು?

ನೀವು ಬರೆದದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಜಿಪಿಡಿ ಪಾಕೆಟ್ ಅನ್ನುವ ಹಳೆಯ ಪುಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 11 ಹಾಕಿದ್ದೀರಿ. ಇನ್‌ಸ್ಟಾಲ್ ಮಾಡುವಾಗ ಪರದೆ ಪಕ್ಕಕ್ಕೆ ತಿರುಗಿ ಬಂತು, ಕತ್ತು ವಾಲಿಸಿಕೊಂಡು ಹೇಗೋ ಮುಗಿಸಿದಿರಿ. ಆದರೆ ವೈಫೈ ಪಟ್ಟಿಯಲ್ಲೇ ಇಲ್ಲ. ಯಾರೋ ಹೇಳಿದರೆಂದು ವೈಫೈ ಚಿಪ್ ಕಂಪನಿ ಬ್ರಾಡ್‌ಕಾಮ್‌ನ ‘ಡಬ್ಲ್ಯುಎಲ್’ ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಹಾಕಲು ನೋಡಿದಿರಿ, ಅದೂ ಕೆಲಸಕ್ಕೆ ಬರಲಿಲ್ಲ. ಮೂರು ಸಲ ಇನ್‌ಸ್ಟಾಲ್ ಮಾಡಿ ಸಾಕಾಗಿದೆ, ವಿಂಡೋಸ್‌ಗೇ ವಾಪಸ್ ಹೋಗಲೇ ಅಂತ ಕೇಳಿದ್ದೀರಿ.

ಹೋಗಬೇಡಿ. ನಾಲ್ಕನೇ ಸಲ ಇನ್‌ಸ್ಟಾಲ್ ಕೂಡ ಮಾಡಬೇಡಿ. ಅದೇ ಪೆನ್‌ಡ್ರೈವ್‌ನಿಂದ ಎಷ್ಟು ಸಲ ಹಾಕಿದರೂ ಇಲ್ಲದ ಫೈಲ್ ಇಲ್ಲದೇ ಇರುತ್ತದೆ. ನಿಮ್ಮದು ಫೈಲ್ ಇಲ್ಲದ ತೊಂದರೆ, ನನಗೆ ಹೆಚ್ಚುಕಮ್ಮಿ ಖಾತ್ರಿಯಿದೆ. ನನ್ನ ಹತ್ತಿರವೂ ಇದೇ ಯಂತ್ರ ಇದೆ, ಇದರಲ್ಲೇ ದಿನವೂ ಬರೆಯುತ್ತೇನೆ. 7 ಇಂಚಿನ ಪರದೆ, ಆಟಮ್ ಎಕ್ಸ್7-ಝಡ್8750 ಪ್ರೊಸೆಸರ್, 8 ಜಿಬಿ ರ‍್ಯಾಮ್. 2017ರದ್ದಾದರೂ ಲಿನಕ್ಸ್‌ಗೆ ಇವತ್ತಿಗೂ ಚೆನ್ನಾಗಿ ಒಗ್ಗುತ್ತದೆ.

ಮೊದಲು ಒಂದು ವಿಷಯ. ಇದರಲ್ಲಿ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇಲ್ಲ. ವೈಫೈ ಸರಿಮಾಡಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು ಅಂತ ಸುತ್ತುತ್ತಾ ಇರುತ್ತೇವೆ. ಇದಕ್ಕೆ ಸುಲಭದ ದಾರಿ ಮೊಬೈಲ್. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಅನ್ನು ಕೇಬಲ್‌ನಲ್ಲಿ ಹಂಚುವ ಆಯ್ಕೆ) ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಅಂತಲೇ ತಿಳಿದುಕೊಳ್ಳುತ್ತದೆ, ಬೇರೆ ಡ್ರೈವರ್ ಬೇಡ. ಚಾರ್ಜ್ ಮಾತ್ರ ಮಾಡುವ ಕೇಬಲ್‌ಗಳೂ ಇರುತ್ತವೆ. ಟೆದರಿಂಗ್ ಆಯ್ಕೆಯನ್ನು ಒತ್ತಲು ಬರದಿದ್ದರೆ ಕೇಬಲ್ ಬದಲಿಸಿ ನೋಡಿ.

ಇನ್ನು ಹುಡುಕುವ ಕೆಲಸ. ವೈಫೈ ಓಡಬೇಕಾದರೆ ಮೂರು ಸಂಗತಿ ಆಗಬೇಕು. ಚಿಪ್ ಕಣ್ಣಿಗೆ ಬೀಳಬೇಕು. ಅದಕ್ಕೆ ಸರಿಯಾದ ಡ್ರೈವರ್ ಅಂಟಿಕೊಳ್ಳಬೇಕು. ಆ ಡ್ರೈವರ್‌ಗೆ ಬೇಕಾದ ಫೈಲ್‌ಗಳು ಸಿಗಬೇಕು. ಎಲ್ಲಿ ಕೈಕೊಟ್ಟಿದೆ ಅಂತ ತಿಳಿಯದೆ ಏನನ್ನೂ ಹಾಕಬೇಡಿ, ಏನನ್ನೂ ತೆಗೆಯಬೇಡಿ.

ಟರ್ಮಿನಲ್ ತೆರೆದ ತಕ್ಷಣ ಡೆಬಿಯನ್‌ನಲ್ಲಿ ಜಾಸ್ತಿ ಜನ ಎಡವುವ ಒಂದು ಕಡೆ ಇದೆ. ಇನ್‌ಸ್ಟಾಲ್ ಮಾಡುವಾಗ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ ಕೊಟ್ಟಿದ್ದರೆ ನಿಮ್ಮ ಖಾತೆಗೆ ‘ಸುಡೊ’, ಅಂದರೆ ರೂಟ್ ಅಧಿಕಾರದಲ್ಲಿ ಕಮಾಂಡ್ ಕೊಡುವ ಅನುಮತಿ ಇರುವುದಿಲ್ಲ. ಆಗ ‘ಎಸ್‌ಯು’ ಅಂತ ಬರೆದು, ಒಂದು ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ಎಂಟರ್ ಒತ್ತಿ. ಆ ಅಡ್ಡಗೆರೆ ಮರೆಯಬೇಡಿ. ಅದಿಲ್ಲದೆ ರೂಟ್ ಆದರೆ ‘ಮಾಡ್‌ಪ್ರೋಬ್’, ‘ಆರ್‌ಎಫ್‌ಕಿಲ್’ ಥರದ ಕಮಾಂಡ್‌ಗಳೇ ಇಲ್ಲ ಅಂತ ಉತ್ತರ ಬರುತ್ತದೆ. ಇದ್ದದ್ದನ್ನೇ ಇಲ್ಲ ಅಂದುಕೊಂಡು ಅವನ್ನೂ ಹಾಕಲು ಹೊರಡುತ್ತೇವೆ.

ರೂಟ್ ಆದ ಮೇಲೆ ‘ಎಲ್‌ಎಸ್‌ಪಿಸಿಐ’ ಕಮಾಂಡ್ ಕೊಡಿ, ಮುಂದೆ ಅಡ್ಡಗೆರೆ ಹಾಕಿ ಎನ್‌ಎನ್‌ಕೆ ಅಂತ ಸೇರಿಸಿ. ಪಟ್ಟಿಯಲ್ಲಿ ಬಿಸಿಎಂ4356 ಅಂತ ಬ್ರಾಡ್‌ಕಾಮ್ ಚಿಪ್ ಕಾಣಬೇಕು. ಅದರ ಗುರುತಿನ ಸಂಖ್ಯೆ 14ಇ4:43ಇಸಿ. ಕಂಡರೆ ಹಾರ್ಡ್‌ವೇರ್ ಚೆನ್ನಾಗಿದೆ, ಅರ್ಧ ಚಿಂತೆ ಕಳೆಯಿತು. ಅದರ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಎನ್ನುವ ಸಾಲು ಇರುತ್ತದೆ. ಅಲ್ಲಿ ‘ಬಿಆರ್‌ಸಿಎಂಎಫ್‌ಮ್ಯಾಕ್’ ಅಂತ ಇರಬೇಕು. ಇದು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬರುವ ಡ್ರೈವರ್.

ನೀವು ಹಾಕಲು ನೋಡಿದ ಡಬ್ಲ್ಯುಎಲ್ ಡ್ರೈವರ್ ಈ ಚಿಪ್‌ಗಲ್ಲ. ಅದು ನಡೆಸುವ ಚಿಪ್‌ಗಳ ಪಟ್ಟಿಯಲ್ಲಿ 4356 ಇಲ್ಲವೇ ಇಲ್ಲ. ಬ್ರಾಡ್‌ಕಾಮ್ ಅಂದ ಕೂಡಲೇ ಡಬ್ಲ್ಯುಎಲ್ ಹಾಕಿ ಅನ್ನುವ ಸಲಹೆ ಹಳೆಯ ಲ್ಯಾಪ್‌ಟಾಪ್‌ಗಳ ಕಾಲದ್ದು. ಅರ್ಧಂಬರ್ಧ ಹಾಕಿದ್ದನ್ನು ಪೂರ್ತಿ ತೆಗೆದುಹಾಕಿ. ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಬಳಸುವವರು ಇದನ್ನು ಓದುತ್ತಿದ್ದರೆ ಇನ್ನೂ ಜಾಗ್ರತೆ ಬೇಕು. ಅಲ್ಲಿನ ‘ಬಿಸಿಎಂಡಬ್ಲ್ಯುಎಲ್’ ಪ್ಯಾಕೇಜ್ ಬೇರೆ ಬ್ರಾಡ್‌ಕಾಮ್ ಡ್ರೈವರ್‌ಗಳನ್ನು ಬ್ಲ್ಯಾಕ್‌ಲಿಸ್ಟ್‌ಗೆ (ಲೋಡ್ ಆಗದಂತೆ ತಡೆಯುವ ಪಟ್ಟಿಗೆ) ಸೇರಿಸುತ್ತದೆ. ಆ ಪಟ್ಟಿಯಲ್ಲಿ ನಮಗೆ ಬೇಕಾದ ಬಿಆರ್‌ಸಿಎಂಎಫ್‌ಮ್ಯಾಕ್ ಕೂಡ ಸೇರಿಹೋಗುತ್ತದೆ. ಸರಿಯಿದ್ದ ವೈಫೈ ಕೂಡ ಮುಂದಿನ ಬೂಟ್‌ನಲ್ಲಿ ಮಾಯವಾಗುತ್ತದೆ.

ಈಗ ಮೂರನೆಯದು, ನಿಮ್ಮ ತೊಂದರೆ ಇರುವುದು ಇಲ್ಲೇ. ‘ಡಿಎಂಇಎಸ್‌ಜಿ’ ಕಮಾಂಡ್ ಕೊಟ್ಟು, ಅದರಲ್ಲಿ ಬಿಆರ್‌ಸಿಎಂಎಫ್‌ಮ್ಯಾಕ್ ಹೆಸರಿರುವ ಸಾಲುಗಳನ್ನು ಮಾತ್ರ ‘ಗ್ರೆಪ್’ನಿಂದ ಆರಿಸಿ ನೋಡಿ. ಯಾವುದೋ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಪ್ರೋಗ್ರಾಂ) ಫೈಲ್ ಲೋಡ್ ಆಗಲಿಲ್ಲ ಅಂತ ಬರೆದು, ಕೊನೆಗೆ ಮೈನಸ್ 2 ಅಂತ ಇರುತ್ತದೆ. ಆ ಮೈನಸ್ 2 ಅಂದರೆ ‘ಅಂಥ ಫೈಲೇ ಇಲ್ಲ’ ಅಂತ, ಅಷ್ಟೇ. ಚಿಪ್ ಕೆಟ್ಟಿಲ್ಲ, ಡ್ರೈವರ್ ಕೆಟ್ಟಿಲ್ಲ. ಯಾವ ಫೈಲ್ ಬೇಕಿತ್ತು ಅಂತ ಹೆಸರಿಟ್ಟು ಹೇಳುತ್ತಿದೆ. ಈ ಒಂದು ಸಾಲು ಓದಿದ್ದರೆ ನಿಮ್ಮ ಮೂರು ಸಲದ ಇನ್‌ಸ್ಟಾಲ್ ಉಳಿಯುತ್ತಿತ್ತು ಅಂತ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾರೂ ಮೊದಲು ಇದನ್ನು ನೋಡಿ ಅಂತ ಹೇಳುವುದೇ ಇಲ್ಲ.

ಅದ್ಯಾಕೆ ಫೈಲ್ ಬೇಕು ಅಂತ ಕೇಳಬಹುದು. ಬಿಆರ್‌ಸಿಎಂಎಫ್‌ಮ್ಯಾಕ್ ಹೆಸರಿನಲ್ಲಿರುವ ‘ಎಫ್‌ಮ್ಯಾಕ್’ ಅಂದರೆ ಫುಲ್‌ಮ್ಯಾಕ್. ಈ ಚಿಪ್ ಒಳಗೇ ಒಂದು ಪುಟ್ಟ ಪ್ರೊಸೆಸರ್ ಇದೆ. ನೆಟ್‌ವರ್ಕ್ ಹುಡುಕುವುದು, ರೂಟರ್ ಜೊತೆ ಮಾತಾಡಿ ಸೇರಿಕೊಳ್ಳುವುದು ಇವೆಲ್ಲ ಅದರದ್ದೇ ಕೆಲಸ. ಆದರೆ ಆ ಕೆಲಸದ ಪ್ರೋಗ್ರಾಂ ಚಿಪ್‌ನಲ್ಲಿ ಉಳಿದಿರುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಲಿನಕ್ಸ್ ಅದನ್ನು ಡಿಸ್ಕ್‌ನಿಂದ ಓದಿ ಚಿಪ್‌ಗೆ ತುಂಬಿಸಬೇಕು. ಹೆಸರು ‘ಬಿಐಎನ್’ ಅಂತ ಮುಗಿಯುವ ಫೈಲ್ ಅದೇ.

ಅದರ ಜೊತೆಗೆ ‘ಟಿಎಕ್ಸ್‌ಟಿ’ ಅಂತ ಮುಗಿಯುವ ಇನ್ನೊಂದು ಫೈಲ್ ಇದೆ, ಇದಕ್ಕೆ ಎನ್‌ವಿರ‍್ಯಾಮ್ ಅನ್ನುತ್ತಾರೆ. ಇದು ಬರೀ ಅಕ್ಷರಗಳ ಫೈಲ್, ತೆರೆದು ಓದಬಹುದು. ಈ ಬೋರ್ಡ್‌ನಲ್ಲಿ ಎಷ್ಟು ಆಂಟೆನಾ ಇವೆ, ಕ್ರಿಸ್ಟಲ್‌ನ ವೇಗ ಎಷ್ಟು, ಯಾವ ಚಾನೆಲ್‌ನಲ್ಲಿ ಎಷ್ಟು ಶಕ್ತಿಯಿಂದ ಸಿಗ್ನಲ್ ಕಳಿಸಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಒಂದೇ ಚಿಪ್ ಹತ್ತು ಯಂತ್ರಗಳಲ್ಲಿದ್ದರೂ ಹತ್ತರ ಬೋರ್ಡ್ ಬೇರೆ ಬೇರೆ. ಹಾಗಾಗಿ 4356 ಅಂತ ಹೆಸರಿದೆ ಅಂತ ಬೇರೆ ಯಂತ್ರದ ಟಿಎಕ್ಸ್‌ಟಿ ಫೈಲ್ ತಂದು ಹಾಕಬೇಡಿ. ವೈಫೈ ಕಾಣಿಸಿಕೊಂಡರೂ ಸಿಗ್ನಲ್ ಎಳೆಯದೆ ಸತಾಯಿಸಬಹುದು.

ಡೆಬಿಯನ್ 11ರ ಸಾಮಾನ್ಯ ಇನ್‌ಸ್ಟಾಲರ್‌ನಲ್ಲಿ ಇಂಥ ಮುಕ್ತವಲ್ಲದ ಫರ್ಮ್‌ವೇರ್ ಇರುವುದಿಲ್ಲ. ಅದು ಅವರ ಹಳೆಯ ನಿಯಮ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಅದನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಒಳಗೇ ಫರ್ಮ್‌ವೇರ್ ಇರುತ್ತದೆ. ಹೊಸದಾಗಿ ಶುರು ಮಾಡುವವರು 12 ಅಥವಾ ಅದಕ್ಕಿಂತ ಹೊಸದನ್ನೇ ತೆಗೆದುಕೊಳ್ಳಿ. ನೀವು ಮಾತ್ರ ಈಗ ಇರುವುದರಲ್ಲೇ ಸರಿಮಾಡಿಕೊಳ್ಳಿ, ಆಮೇಲೆ ಅಲ್ಲಿಂದಲೇ ಮೇಲ್ದರ್ಜೆಗೆ ಏರಿಸಬಹುದು.

‘ಇಟಿಸಿ’ ಫೋಲ್ಡರ್‌ನ ‘ಎಪಿಟಿ’ ಒಳಗೆ ‘ಸೋರ್ಸಸ್ ಡಾಟ್ ಲಿಸ್ಟ್’ ಫೈಲ್ ಇದೆ. ಅದರಲ್ಲಿ ‘ಮೇನ್’ ಅಂತ ಮುಗಿಯುವ ಸಾಲುಗಳ ಕೊನೆಗೆ ‘ಕಾಂಟ್ರಿಬ್’ ಮತ್ತು ‘ನಾನ್-ಫ್ರೀ’ ಅಂತ ಸೇರಿಸಿ. ಡೆಬಿಯನ್ 12ರಲ್ಲಾದರೆ ‘ನಾನ್-ಫ್ರೀ-ಫರ್ಮ್‌ವೇರ್’ ಅಂತಲೇ ಬೇರೆ ವಿಭಾಗ ಇದೆ. ಮೊಬೈಲ್ ಇಂಟರ್‌ನೆಟ್‌ನಲ್ಲಿ ಪಟ್ಟಿಯನ್ನು ಅಪ್‌ಡೇಟ್ ಮಾಡಿ, ‘ಫರ್ಮ್‌ವೇರ್-ಬಿಆರ್‌ಸಿಎಂ80211’ ಎಂಬ ಪ್ಯಾಕೇಜ್ ಹಾಕಿ. ಟೆದರಿಂಗ್ ಆಗಲೇ ಇಲ್ಲ ಅಂದರೆ ಬೇರೆ ಕಂಪ್ಯೂಟರ್‌ನಲ್ಲಿ ಆ ಪ್ಯಾಕೇಜ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೂ ಆಯಿತು.

ಹಾಕಿದ ಮೇಲೆ ರೀಬೂಟ್ ಬೇಡ, ಪೂರ್ತಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಚಿಪ್‌ಗೆ ಹೋಗುವ ಕರೆಂಟ್ ನಿಂತು ಅದು ಹೊಸದಾಗಿ ಶುರುವಾಗಲಿ ಅಂತ. ಬಹುಪಾಲು ಇಷ್ಟಕ್ಕೇ ವೈಫೈ ಬರುತ್ತದೆ.

ಬರಲಿಲ್ಲ ಅಂದರೆ ಮತ್ತೆ ಅದೇ ಸಾಲುಗಳನ್ನು ಓದಿ. ಈಗ ಬಿಐಎನ್ ಬಗ್ಗೆ ದೂರು ಇರುವುದಿಲ್ಲ, ಟಿಎಕ್ಸ್‌ಟಿ ಬಗ್ಗೆ ಇರಬಹುದು. ಇದಕ್ಕೂ ಕಾರಣ ಇದೆ. ಯಾವ ಯಂತ್ರ ಅಂತ ಕರ್ನಲ್ ಗುರುತಿಸುವುದು ಬಯಾಸ್‌ನಲ್ಲಿ (ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್‌ನಲ್ಲಿ) ಬರೆದಿರುವ ಹೆಸರಿನಿಂದ. ಜಿಪಿಡಿ ಪಾಕೆಟ್‌ನ ಬಯಾಸ್‌ನಲ್ಲಿ ಹೆಸರಿನ ಜಾಗದಲ್ಲಿ ‘ಡೀಫಾಲ್ಟ್ ಸ್ಟ್ರಿಂಗ್’ ಅಂತ ಮಾತ್ರ ಇದೆ. ಹಾಗಾಗಿ ವೈಫೈ ಡ್ರೈವರ್ ನಾಲ್ಕು ಬೇರೆ ಬೇರೆ ವಿವರಗಳನ್ನು ಒಟ್ಟಿಗೆ ಹೋಲಿಸಿ ಇದು ಜಿಪಿಡಿ ಅಂತ ತೀರ್ಮಾನಿಸುತ್ತದೆ. ಆಮೇಲೆ ಹೆಸರಿನಲ್ಲಿ ‘ಜಿಪಿಡಿ-ವಿನ್-ಪಾಕೆಟ್’ ಅಂತ ಇರುವ ಟಿಎಕ್ಸ್‌ಟಿ ಫೈಲ್ ಹುಡುಕುತ್ತದೆ. ಬಯಾಸ್ ಬದಲಾಗಿದ್ದು ಹೋಲಿಕೆ ತಪ್ಪಿದರೆ ಆ ಫೈಲ್ ಅಲ್ಲೇ ಇದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಆಗ ‘ಲಿಬ್’ನ ಒಳಗೆ ‘ಫರ್ಮ್‌ವೇರ್’, ಅದರೊಳಗೆ ‘ಬಿಆರ್‌ಸಿಎಂ’ ಫೋಲ್ಡರ್‌ಗೆ ಹೋಗಿ. ಆ ಫೈಲಿನದ್ದೇ ಒಂದು ಪ್ರತಿ ಮಾಡಿ. ಪ್ರತಿಯ ಹೆಸರಿನಿಂದ ‘ಜಿಪಿಡಿ-ವಿನ್-ಪಾಕೆಟ್’ ಮತ್ತು ಅದರ ಹಿಂದಿನ ಚುಕ್ಕಿ ತೆಗೆದುಬಿಡಿ. ಅಂದರೆ ದೂರಿನ ಸಾಲಿನಲ್ಲಿ ಯಾವ ಹೆಸರು ಇದೆಯೋ ಅಕ್ಷರ ಬಿಡದೆ ಅದೇ ಹೆಸರು.

ಇಲ್ಲಿ ನನಗಾದದ್ದನ್ನು ಹೇಳಿಬಿಡುತ್ತೇನೆ. ಆ ಟಿಎಕ್ಸ್‌ಟಿ ಫೈಲನ್ನು ನಾನು ಬ್ರೌಸರ್‌ನಿಂದ ಉಳಿಸಿಕೊಂಡು ತಂದಿದ್ದೆ. ಹೆಸರು ಸರಿ, ಜಾಗ ಸರಿ. ಮೈನಸ್ 2 ದೂರೂ ಹೋಯಿತು. ಆದರೂ ವೈಫೈ ಇಲ್ಲ. ಒಂದು ಸಂಜೆ ಪೂರ್ತಿ ಹೋದ ಮೇಲೆ ಫೈಲ್ ತೆರೆದು ನೋಡಿದೆ. ಮೊದಲ ಸಾಲಿನಲ್ಲೇ ಎಚ್‌ಟಿಎಂಎಲ್ ಅಂತ ಇತ್ತು. ನಾನು ಉಳಿಸಿದ್ದು ಫೈಲನ್ನು ಅಲ್ಲ, ಅದನ್ನು ತೋರಿಸುವ ವೆಬ್ ಪುಟವನ್ನು. ಅಂದಿನಿಂದ ಹೊರಗಿನಿಂದ ತಂದ ಯಾವ ಫೈಲನ್ನೂ ಮೊದಲ ನಾಲ್ಕು ಸಾಲು ನೋಡದೆ ಹಾಕುವುದಿಲ್ಲ. ವಿಂಡೋಸ್‌ನಲ್ಲಿ ಇಳಿಸಿದರೆ ಇನ್ನೊಂದು ತೊಡಕು: ಅದು ಹೆಸರಿನ ಕೊನೆಯ ಭಾಗ ಮುಚ್ಚಿಡುತ್ತದೆ. ಕೊನೆಯಲ್ಲಿ ಎರಡು ಸಲ ಟಿಎಕ್ಸ್‌ಟಿ ಸೇರಿಕೊಂಡಿದ್ದರೂ ಗೊತ್ತಾಗುವುದಿಲ್ಲ.

‘ಸಿಎಲ್‌ಎಂ ಬ್ಲಾಬ್’ ಸಿಗಲಿಲ್ಲ ಅಂತ ಒಂದು ಸಾಲು ಕಂಡರೆ ಹೆದರಬೇಡಿ. ಕೆಲವು ಚಾನೆಲ್ ಕಡಿಮೆ ಆಗಬಹುದು ಅಂತ ಅದರ ಅರ್ಥ, ವೈಫೈ ಓಡುತ್ತದೆ. ಅದರ ಹಿಂದೆ ಸುಮ್ನೆ ಅಲೆಯಬೇಡಿ.

ವೈಫೈ ಬಂದ ಮೇಲೆ ಪದೇ ಪದೇ ನಿಂತು ಹೋಗುತ್ತಿದ್ದರೆ ಮೊದಲ ಅನುಮಾನ ಪವರ್ ಸೇವ್ ಮೇಲೆ ಇರಲಿ. ನೆಟ್‌ವರ್ಕ್ ಮ್ಯಾನೇಜರ್ ಸೆಟ್ಟಿಂಗ್‌ನಲ್ಲಿ ‘ವೈಫೈ ಡಾಟ್ ಪವರ್‌ಸೇವ್’ ಅಂತ ಇದೆ. 3 ಅಂದರೆ ಆನ್, 2 ಅಂದರೆ ಆಫ್. 2 ಮಾಡಿ, ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು ಅಷ್ಟೇ. ನಿಮ್ಮ ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದು ಹೆಸರೇ ಕಾಣದಿದ್ದರೆ ‘ಐಡಬ್ಲ್ಯು’ ಕಮಾಂಡ್‌ನಿಂದ ಯಾವ ದೇಶದ ನಿಯಮ ಜಾರಿಯಲ್ಲಿದೆ ನೋಡಿ, ನಿಮ್ಮ ದೇಶದ ಎರಡಕ್ಷರದ ಕೋಡ್ ಕೊಡಿ. ಅಮೆರಿಕದ ನಿಯಮ ಇದ್ದರೆ ಆ ಎರಡು ಚಾನೆಲ್ ಸಿಗುವುದಿಲ್ಲ.

ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಇಷ್ಟು ಪುಟ್ಟ ಯಂತ್ರದಲ್ಲಿ ಪೆನ್‌ಡ್ರೈವ್‌ಗೂ ಆಂಟೆನಾಗೂ ಎಷ್ಟು ದೂರ ಇರುತ್ತದೆ ಹೇಳಿ? ಲೈವ್ ಪೆನ್‌ಡ್ರೈವ್‌ನಿಂದ ಓಡಿಸುವಾಗ ವೈಫೈ ಕೆಟ್ಟದಾಗಿದ್ದು, ಇನ್‌ಸ್ಟಾಲ್ ಆದ ಮೇಲೆ ಚೆನ್ನಾಗಿದ್ದರೆ ಕಾರಣ ಇದಿರಬಹುದು. ಸಾಧ್ಯವಿದ್ದರೆ 5 ಗಿಗಾಹರ್ಟ್ಸ್ ನೆಟ್‌ವರ್ಕ್‌ಗೆ ಸೇರಿ.

ಪರದೆಯದ್ದು ಚಿಕ್ಕ ವಿಷಯ. ಈ ಪ್ಯಾನೆಲ್ ಹುಟ್ಟಿನಿಂದಲೇ ನಿಂತ ಆಕಾರದ್ದು, 1200 ಅಗಲ, 1920 ಎತ್ತರ. ಅದನ್ನು ಅಡ್ಡಲಾಗಿ ಕೂರಿಸಿದ್ದಾರೆ. ಇನ್‌ಸ್ಟಾಲರ್‌ಗೆ ಮತ್ತು ಗ್ರಬ್ ಮೆನುವಿಗೆ (ಬೂಟ್ ಆಗುವಾಗ ಮೊದಲು ಬರುವ ಪಟ್ಟಿಗೆ) ಇದು ಗೊತ್ತಾಗುವುದಿಲ್ಲ, ಅಲ್ಲಿ ಯಂತ್ರವನ್ನೇ ತಿರುಗಿಸಿ ಹಿಡಿದರೆ ಆಯಿತು. ಒಳಗೆ ಹೋದ ಮೇಲೆ ಕರ್ನಲ್ ಬಯಾಸ್‌ನ ತಾರೀಕನ್ನೂ ನೋಡಿ ಯಂತ್ರ ಗುರುತಿಸಿ ತಾನೇ ತಿರುಗಿಸುತ್ತದೆ. ತಿರುಗದಿದ್ದರೆ ‘ಇಟಿಸಿ’ ಒಳಗಿನ ‘ಡೀಫಾಲ್ಟ್’ ಫೋಲ್ಡರ್‌ನ ಗ್ರಬ್ ಫೈಲ್‌ನಲ್ಲಿ ಕರ್ನಲ್ ಸಾಲಿಗೆ ‘ಎಫ್‌ಬಿಕಾನ್’, ಸಮ ಚಿಹ್ನೆ, ‘ರೊಟೇಟ್’, ಎರಡು ಚುಕ್ಕಿ, 1 ಅಂತ ಸೇರಿಸಿ ‘ಅಪ್‌ಡೇಟ್-ಗ್ರಬ್’ ಕೊಡಿ. ಇದು ಕಪ್ಪು ಟರ್ಮಿನಲ್ ಪರದೆಗೆ. ಡೆಸ್ಕ್‌ಟಾಪ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಿಂದ ತಿರುಗಿಸಿ.

ಇಷ್ಟೆಲ್ಲಾ ಮಾಡಿಯೂ ವೈಫೈ ಬರದಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಕಮಾಂಡ್ (ವೈಫೈಯನ್ನು ಯಾರಾದರೂ ಬಂದ್ ಮಾಡಿದ್ದಾರೆಯೇ ಅಂತ ತೋರಿಸುತ್ತದೆ) ಏನು ಹೇಳುತ್ತದೆ ಎನ್ನುವುದನ್ನೂ, ಬಿಆರ್‌ಸಿಎಂಎಫ್‌ಮ್ಯಾಕ್ ಹೆಸರಿರುವ ಎಲ್ಲ ಸಾಲುಗಳನ್ನೂ ಇಲ್ಲೇ ಕೆಳಗೆ ಹಾಕಿ. ಫೋನಿನಲ್ಲಿ ತೆಗೆದ ಫೋಟೋ ಆದರೂ ಸರಿ, ಓದಿ ಹೇಳುತ್ತೇನೆ.