ಹತ್ತು ವರ್ಷ ನಿಂತ ಯೆಜ್ಡಿಯ ಎಂಜಿನ್ ಮನೆಯಲ್ಲೇ ಪೂರ್ತಿ ಬಿಚ್ಚಿ ರಿಪೇರಿ ಮಾಡಬಹುದಾ?

ತಂದೆಯವರ ಯೆಜ್ಡಿ ಬೈಕು ಹತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ, ಕಿಕ್ ಇಳಿಯುತ್ತಿಲ್ಲ, ವಿಡಿಯೋ ನೋಡಿಕೊಂಡು ಮನೆಯಲ್ಲೇ ಫುಲ್ ಎಂಜಿನ್ ಬಿಚ್ಚುತ್ತೀನಿ, ಬೆಳಗಾವಿಯಲ್ಲಿ ಬೋರಿಂಗ್ ಎಲ್ಲಿ ಮಾಡಿಸಲಿ, ಯಾವ ಸೈಜ್ ಪಿಸ್ಟನ್ ತರಲಿ ಅಂತ ಕೇಳಿದ್ದೀರಿ. ಬೋರಿಂಗ್, ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ಅಗಲ ಮಾಡಿಸುವ ವಿಷಯ, ಆಮೇಲೆ. ಅದಕ್ಕೆ ಬೋರಿಂಗ್ ಬೇಕು ಅಂತ ನಿಮಗೆ ಹೇಳಿದವರು ಯಾರು?

ನನ್ನದು ಸೋದರಮಾವನ ಗಾಡಿ. ಅದೂ ಯೆಜ್ಡಿ, ಅದೇ 250. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆದರೆ ಮಾವ ಅದಾದ ಮೇಲೂ ಬಹಳ ವರ್ಷ ಗಾಡಿ ಬಿಡಲಿಲ್ಲ. ಕೊನೆಗೆ ಮಂಡಿ ನೋವು ಹಿಡಿದು ಕಿಕ್ ಹೊಡೆಯೋಕೆ ಆಗದೆ ನಿಲ್ಲಿಸಿದರು. ಟಿಳಕವಾಡಿಯಲ್ಲಿ ಮನೆ ಹಿಂದೆ ತಗಡಿನ ಶೆಡ್ಡು. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ಒಣಗೋದೇ ಇಲ್ಲ. ಆ ತಂಪು ಸೈಲೆನ್ಸರ್ ಒಳಗಿಂದ ಮೇಲೆ ಹೋಗುತ್ತದೆ. ಪಿಸ್ಟನ್ ನಿಂತ ಜಾಗದಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ತೆರೆದಿದ್ದರೆ ಸೀದಾ ಸಿಲಿಂಡರ್ ಒಳಗೆ. ಪಿಸ್ಟನ್ ರಿಂಗಿಗೂ ಬೋರಿಗೂ (ಪಿಸ್ಟನ್ ಓಡಾಡುವ ಸಿಲಿಂಡರಿಗೂ) ತುಕ್ಕು ಹಿಡಿದು ಎರಡೂ ಕಚ್ಚಿಕೊಳ್ಳುತ್ತವೆ. ನಿಮ್ಮ ಕಿಕ್ ಇಳಿಯದೇ ಇರೋದಕ್ಕೆ ಬಹಳ ಮಟ್ಟಿಗೆ ಇಷ್ಟೇ ಕಾರಣ ಇರುತ್ತದೆ. ನನಗಾಗಿದ್ದೂ ಇಷ್ಟೇ. ಅದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ನಾನು ಏನು ಮಾಡಿದೆ ಅಂದರೆ, ಎಂಜಿನ್ ಇಳಿಸಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಇಟ್ಟು ಎಲ್ಲಾ ಬಿಚ್ಚಿದೆ. "ತುಳಸಿಕಟ್ಟಿ ಮುಂದ ಡೀಸೆಲ್ ವಾಸನಿ ಯಾಕೋ" ಅಂತ ಅವ್ವ ದಿನಾ ಬೈತಿದ್ದಳು. ಹೆಡ್ಡು ಬಂತು. ಬೋರು ಮೊದಲು ಕಚ್ಚಿಕೊಂಡು ಕೂತಿತ್ತು, ಎರಡು ದಿನ ಡೀಸೆಲ್ ಕುಡಿಸಿದ ಮೇಲೆ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಒಂದು ಚೂರೂ ಆಟ ಇರಲಿಲ್ಲ. ಪಕ್ಕಕ್ಕೆ ಸ್ವಲ್ಪ ಸರಿಯುತ್ತಿತ್ತು, ಅದು ಇರಲೇಬೇಕು. ಅಂದರೆ ಕೆಳಗಿನ ಬೇರಿಂಗ್ ಗಟ್ಟಿ. ಹಾಫ್ ಎಂಜಿನ್‌ನಲ್ಲೇ, ಅಂದರೆ ಹೆಡ್ಡು, ಬೋರು ಮಾತ್ರ ತೆಗೆದು, ಮುಗಿಯೋ ಕೆಲಸ. ಆದರೆ ನನ್ನ ತಲೆಯಲ್ಲಿ ಫುಲ್ ಎಂಜಿನ್ ಅಂತ ಕೂತುಬಿಟ್ಟಿತ್ತು. ಹಳೇ ಗಾಡಿ ಅಂದಮೇಲೆ ಪೂರ್ತಿ ಬಿಚ್ಚಿ ಎಲ್ಲಾ ಹೊಸದು ಹಾಕಿದರೇನೇ ಮಾಡಿದ ಹಾಗೆ ಅನ್ನೋ ಹುಚ್ಚು. ನಿಮ್ಮ ಪ್ರಶ್ನೆಯಲ್ಲೂ ಅದೇ ಹುಚ್ಚು ಕಾಣ್ತಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೀನಿ.

ಕ್ರ್ಯಾಂಕ್ ಕೇಸ್, ಅಂದರೆ ಕ್ರ್ಯಾಂಕ್ ತಿರುಗುವ ಎಂಜಿನ್ನಿನ ಕೆಳಗಿನ ಪೆಟ್ಟಿಗೆ, ಎರಡು ಹೋಳು. ಸ್ಕ್ರೂ ಎಲ್ಲಾ ತೆಗೆದೆ ಅಂದುಕೊಂಡೆ. ಹೋಳು ಬೇರೆ ಆಗಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿದೆ, ಕೂದಲೆಳೆಯಷ್ಟು ಬಿಟ್ಟುಕೊಂಡು ಮತ್ತೆ ನಿಂತಿತು. ಆ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಒಂದು ಏಟು ಹಾಕಿದೆ. ಬಂತು. ಖುಷಿಯೂ ಆಯಿತು. ಆಮೇಲೆ ನೋಡಿದರೆ ಮಣ್ಣು, ಗ್ರೀಸು ಗಟ್ಟಿಯಾಗಿ ಕೂತಿದ್ದ ಜಾಗದಲ್ಲಿ ಒಂದು ಸ್ಕ್ರೂ ಹಾಗೇ ಉಳಿದಿತ್ತು. ಏಟಿಗೆ ಅದರ ತ್ರೆಡ್ಡು ಕಿತ್ತುಕೊಂಡು ಬಂದಿತ್ತು. ಸ್ಕ್ರೂಡ್ರೈವರ್ ಇಟ್ಟ ಕಡೆ, ಎರಡು ಹೋಳು ಕೂಡುವ ಮುಖದ ಮೇಲೆ, ಒಳಗಿನಿಂದ ಹೊರಗಿನವರೆಗೆ ಒಂದು ಗೆರೆ. ಉಗುರು ಎಳೆದರೆ ತಟಕ್ ಅಂತ ಸಿಗುತ್ತಿತ್ತು. ಅಷ್ಟೇ ಆಳ.

ಗ್ಯಾಸ್ಕೆಟ್ ಗಮ್ಮು ಇದೆಯಲ್ಲ, ದಪ್ಪಗೆ ಹಚ್ಚಿದರೆ ತುಂಬಿಕೊಳ್ಳುತ್ತೆ ಅಂತ ಹಚ್ಚಿದೆ.

ಇದು ಯಾಕೆ ದೊಡ್ಡ ತಪ್ಪು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬುಲೆಟ್ ರಿಪೇರಿ ಮಾಡಿದವರಿಗೂ ಇದು ಹೊಳೆಯುವುದಿಲ್ಲ. ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸ್ ಸೋರಿದರೆ ನೆಲದ ಮೇಲೆ ಎಣ್ಣೆ ಬೀಳುತ್ತದೆ, ಒರೆಸಿದರೆ ಆಯಿತು. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸ್ ಅಂದರೆ ಸೈಕಲ್ ಪಂಪ್ ಇದ್ದ ಹಾಗೆ. ಪಿಸ್ಟನ್ ಮೇಲೆ ಹೋಗುವಾಗ ಕಾರ್ಬುರೇಟರ್‌ನಿಂದ ಪೆಟ್ರೋಲು, ಗಾಳಿ, ಎಣ್ಣೆ ಮೂರನ್ನೂ ಕೆಳಗಿನ ಕೋಣೆಗೆ ಎಳೆದುಕೊಳ್ಳುತ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಟ್ರಾನ್ಸ್‌ಫರ್ ಪೋರ್ಟಿನಿಂದ ಮೇಲೆ ಕಳಿಸುತ್ತದೆ. ಎಳೆದುಕೊಳ್ಳುವ ಹೊತ್ತಿನಲ್ಲಿ ಕೇಸಿನ ಸಂದಿಯಲ್ಲಿ ದಾರಿ ಸಿಕ್ಕರೆ ಅಲ್ಲಿಂದಲೂ ಗಾಳಿ ಒಳಗೆ ಬರುತ್ತದೆ. ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಬೆಂಕಿ ಬಿಸಿಯಾಗಿ ಉರಿಯುತ್ತದೆ, ಎಣ್ಣೆ ಸಾಲುವುದಿಲ್ಲ. ಪಿಸ್ಟನ್ ಅಲ್ಯೂಮಿನಿಯಂ, ಬೋರು ಬೀಡುಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಜಾಸ್ತಿ ಹಿಗ್ಗುತ್ತದೆ. ಮುಂದೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಎಂಜಿನ್ ಕೂಡಿಸಿದೆ. ಹೊಸ ರಿಂಗು, ಹೊಸ ಸೀಲು, ಹೊಸ ಬೇರಿಂಗು. ಸ್ಟಾರ್ಟ್ ಆಯಿತು! ಮಾವ ಕುರ್ಚಿ ಹಾಕಿಕೊಂಡು ಕೂತು ಆ ಶಬ್ದ ಕೇಳಿದರು. ನನಗೋ ಸ್ವರ್ಗ. ಗಾಡಿ ನನಗೆ ಆಗಲೇ ಹೇಳುತ್ತಿತ್ತು, ನಾನೇ ಕೇಳಿಸಿಕೊಳ್ಳಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಆರ್‌ಪಿಎಂ ತಕ್ಷಣ ಇಳಿಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಮೇಲೇ ತೇಲಾಡಿ ನಿಧಾನಕ್ಕೆ ಬರುತ್ತಿತ್ತು. ಎಂಜಿನ್ ಫ್ರೀ ಆಗಿದೆ ಅಂದುಕೊಂಡೆ. ಬಿಸಿಯಾದ ಮೇಲೆ ಐಡ್ಲಿಂಗ್ ತಾನೇ ಏರುತ್ತಿತ್ತು, ಸ್ಕ್ರೂ ಇಳಿಸಿದೆ. ಪ್ಲಗ್ ತೆಗೆದರೆ ತುದಿ ಬೆಳ್ಳಗೆ. ಕಂದು ಬಣ್ಣಕ್ಕೆ ಬರಬೇಕು, ಅದು ಬೆಳ್ಳಗಿದ್ದರೆ ಒಳಗೆ ಪೆಟ್ರೋಲ್ ಕಡಿಮೆ, ಬಿಸಿ ಜಾಸ್ತಿ ಅಂತ ಅರ್ಥ. ನಾನು ಅದನ್ನು ಮಾವನಿಗೆ ತೋರಿಸಿ, "ನೋಡ್ರಿ ಮಾಮಾ, ಕಾರ್ಬನ್ನೇ ಇಲ್ಲ, ಎಷ್ಟು ಸ್ವಚ್ಛ ಉರೀತದ" ಅಂದಿದ್ದೆ. ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು, ಏನೂ ಹೇಳಲಿಲ್ಲ.

ಕಾಕತಿ ದಾಟಿ ವಂಟಮುರಿ ಘಾಟಿನ ಏರಿನಲ್ಲಿ ಹಿಂದೆ ಗೆಳೆಯ ಕೂತಿದ್ದ. ಮೂರನೇ ಗೇರ್. ಮೊದಲು ಎಳೆತ ಕಡಿಮೆ ಆಯಿತು, ಇನ್ನೂ ಆಕ್ಸಿಲರೇಟರ್ ಕೊಟ್ಟೆ. ಕೊಡಬಾರದಿತ್ತು. ಕಿರ್ ಅಂತ ಒಂದು ಶಬ್ದ, ಪಿಸ್ಟನ್ ಬೋರಿಗೆ ಕಚ್ಚಿಕೊಂಡು ಹಿಂದಿನ ಗಾಲಿ ಲಾಕ್. ಕ್ಲಚ್ ಹಿಡಿದಿದ್ದಕ್ಕೆ ಬಚಾವಾದೆವು. ಹಿಂದೆ ಲಾರಿಗಳ ಸಾಲು. ಟೂ ಸ್ಟ್ರೋಕ್ ಗಾಡಿ ಓಡಿಸುವಾಗ ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲೆ ಇರಲಿ ಅಂತ ಹಳಬರು ಹೇಳೋದು ಸುಮ್ನೆ ಅಲ್ಲ.

ಬಿಚ್ಚಿದ ಎಂಜಿನ್ನನ್ನು ಉದ್ಯಮಬಾಗಿನ ಒಂದು ಸಣ್ಣ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಕಾಕಾ ಬೋರು ನೋಡಲಿಲ್ಲ, ಪಿಸ್ಟನ್ ನೋಡಲಿಲ್ಲ. ಕೇಸ್ ಎತ್ತಿಕೊಂಡು ಹೆಬ್ಬೆರಳು ಮುಖದ ಸುತ್ತ ಎಳೆದುಕೊಂಡು ಬಂದರು, ಗೆರೆ ಹತ್ತಿರ ನಿಂತಿತು.

"ಇಲ್ಲಿ ಸ್ಕ್ರೂಡ್ರೈವರ್ ಯಾರು ಹಾಕ್ಯಾರ್ರಿ?"

"ನಾನ ರೀ."

"ಮೆಕ್ಯಾನಿಕ್ ಹಾಕಿದ್ರ ಬೈತಿದ್ದೆ. ನೀವು ಹಾಕೀರಿ, ಏನ್ ಬೈಲಿ?"

ಗೆರೆಗೆ ಆರ್ಗಾನ್ ವೆಲ್ಡಿಂಗ್ ಹಾಕಿ, ಮೇಲೆದ್ದದ್ದನ್ನು ಮಾತ್ರ ಕೆತ್ತಿ ಸಮ ಮಾಡಿದರು. ಪೂರ್ತಿ ಮುಖ ಮಶೀನಿಗೆ ಹಾಕಿ ಸಮ ಮಾಡಿಕೊಡಿ ಅಂತ ನಾನು ಕೇಳಿದ್ದೆ. ಹಾಗೆ ಮುಖ ಸವೆಸಿದರೆ ಎರಡು ಹೋಳು ಹತ್ತಿರ ಬಂದು ಕ್ರ್ಯಾಂಕಿಗೆ ಪಕ್ಕದ ಜಾಗ ಕಡಿಮೆ ಆಗುತ್ತೆ, ಬೇಡ ಅಂದರು. ಬೋರು 0.50 ಓವರ್‌ಸೈಜ್‌ಗೆ, ಅಂದರೆ ಮೂಲ ಅಳತೆಗಿಂತ ಅರ್ಧ ಮಿಮೀ ದೊಡ್ಡದಕ್ಕೆ, ಹೋಯಿತು. ತುಕ್ಕು ಬಿಡಿಸಿ ರಿಂಗ್ ಹಾಕಿದ್ದರೆ ಸಾಕಾಗುತ್ತಿದ್ದ ಬೋರು ಅದು. ಪಿಸ್ಟನ್, ಬೋರಿಂಗ್, ವೆಲ್ಡಿಂಗ್, ಟೆಂಪೋ ಬಾಡಿಗೆ ಎಲ್ಲಾ ಸೇರಿ ನಾನು ಫುಲ್ ಎಂಜಿನ್‌ಗೆ ಅಂತ ಇಟ್ಟಿದ್ದ ದುಡ್ಡು ಇನ್ನೊಂದು ಸಲ ಖರ್ಚಾಯಿತು.

ಹಾಗಾಗಿ ನನ್ನ ಮಾತು ಕೇಳುವುದಾದರೆ, ಪಾನಾ ಕೆಳಗಿಡಿ. ಪ್ಲಗ್ ಬಿಚ್ಚಿ ತೂತಿನಿಂದ ಡೀಸೆಲ್ಲಿಗೆ ಟೂಟಿ ಎಣ್ಣೆ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ 2T ಆಯಿಲ್) ಬೆರೆಸಿ ಅರ್ಧ ಕಪ್ ಹುಯ್ಯಿರಿ. ಒಂದು ವಾರ ಬಿಡಿ, ನಡುವೆ ಇಳಿದುಹೋದರೆ ಮತ್ತೆ ಹುಯ್ಯಿರಿ. ಕಿಕ್ ಮೇಲೆ ಹತ್ತಿ ಕುಣಿಯಬೇಡಿ. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್, ಒಳಗಿನದು ಮುರಿದರೆ ಇನ್ನೊಂದು ಕಥೆ. ಟಾಪ್ ಗೇರ್ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟುಕೊಂಡರೆ ಹಾಗೇ ನಿಧಾನಕ್ಕೆ ತಿರುಗಿಸಿ. ಬಿಡದಿದ್ದರೆ ಹೆಡ್ಡು, ಬೋರು ಮಾತ್ರ ತೆಗೆಯಿರಿ. ತೆಗೆದ ಮೇಲೆ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ, ಆಟ ಇಲ್ಲ ಅಂದರೆ ಕೇಸ್ ಮುಟ್ಟಬೇಡಿ. ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಇದ್ದರೆ ಚೆಲ್ಲಿ, ಕಾರ್ಬುರೇಟರ್ ಜೆಟ್ಟು ತೊಳೆಯಿರಿ, ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿ 0.4 ಮಿಮೀ ಗ್ಯಾಪ್ ಇಡಿ. ಇವೆಲ್ಲ ವಿಡಿಯೋದಲ್ಲೇ ಇರುತ್ತವೆ, ನಾನು ಹೇಳಬೇಕಿಲ್ಲ.

ವಿಡಿಯೋದವರು ಸಾಮಾನ್ಯವಾಗಿ ತೋರಿಸದೇ ಇರೋದು ಲೀಕ್ ಟೆಸ್ಟ್. ಇದನ್ನು ಕಾಕಾನೇ ಕಲಿಸಿದರು. ಒಂದು ಹಳೇ ಪ್ಲಗ್ ತಗೊಂಡು ಅದರ ಪಿಂಗಾಣಿ ಒಡೆದು ತೆಗೆಯಿರಿ, ಒಳಗೆ ಸೈಕಲ್ ಟ್ಯೂಬಿನ ನಿಪ್ಪಲ್ ಕೂರಿಸಿ ಎಂ-ಸೀಲ್ ಹಾಕಿ. ಕಾರ್ಬುರೇಟರ್ ಬಾಯಿಗೂ ಎರಡೂ ಎಕ್ಸಾಸ್ಟ್ ಬಾಯಿಗೂ ಟ್ಯೂಬ್ ರಬ್ಬರ್ ಇಟ್ಟು ಗಟ್ಟಿಯಾಗಿ ಬಿಗಿಯಿರಿ. ಪಿಸ್ಟನ್ ಪೂರ್ತಿ ಕೆಳಗೆ ಇರಲಿ, ಆಗಲೇ ಸಿಲಿಂಡರಿಗೂ ಕ್ರ್ಯಾಂಕ್ ಕೇಸಿಗೂ ದಾರಿ ತೆರೆದಿರೋದು. ಇನ್ನು ಮನೆಯಲ್ಲಿ ಬಿಪಿ ನೋಡುವ ಹಳೇ ಮುಳ್ಳಿನ ಯಂತ್ರ ಇದ್ದರೆ ಅದರ ಬಲ್ಬು, ಮೀಟರ್ ಎರಡನ್ನೂ ಇದಕ್ಕೆ ಜೋಡಿಸಿ 300ರವರೆಗೆ ಒತ್ತಿ. ಅದು ಸುಮಾರು 6 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಹಾಳಾಗುತ್ತೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅಂತೂ ಹಚ್ಚಲೇಬೇಡಿ. ಮುಳ್ಳು ಐದಾರು ನಿಮಿಷ ನಿಂತಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿಕೊಂಡು ಹೋಗಿ. ಹೆಡ್ಡಿನ ಹತ್ತಿರವೋ ಬೋರಿನ ಬುಡದಲ್ಲೋ ಗುಳ್ಳೆ ಬಂದರೆ ಪ್ಯಾಕಿಂಗ್ ಬದಲಿಸಿ. ಗೇರ್ ಆಯಿಲ್ ಹಾಕುವ ತೂತಿನಲ್ಲಿ ನೊರೆ ಉಬ್ಬಿದರೆ ಕ್ಲಚ್ ಕಡೆಯ ಸೀಲ್ ಹೋಗಿದೆ. ಅದು ಹೋದ ಗಾಡಿ ಗೇರ್ ಆಯಿಲ್ ಕುಡಿದು ಬಿಳೀ ಹೊಗೆ ಬಿಡುತ್ತದೆ. ಆ ಮುಳ್ಳು ಗಟ್ಟಿಯಾಗಿ ನಿಲ್ಲೋತನಕ ನಾನು ಈಗ ಯಾವ ಟೂ ಸ್ಟ್ರೋಕಿಗೂ ಕಿಕ್ ಹೊಡೆಯುವುದಿಲ್ಲ.

ಕೇಸ್ ತೆಗೆಯಲೇಬೇಕು ಅಂತ ಬಂದರೆ ಮನೆಯಲ್ಲಿ ಬೇಡ. ತಾಕತ್ತಿನ ಪ್ರಶ್ನೆ ಅಲ್ಲ ಇದು. ಕೇಸನ್ನು ನೀರಿನ ಹನಿ ಚುರ್ ಅನ್ನುವಷ್ಟು ಬಿಸಿ ಮಾಡಿದರೆ ಬೇರಿಂಗು ತಾನೇ ಸಡಿಲ ಆಗುತ್ತದೆ, ಪುಲ್ಲರ್ ಹಾಕಿದರೆ ಹೋಳು ಮೆಲ್ಲಗೆ ಬರುತ್ತದೆ. ಕ್ರ್ಯಾಂಕ್ ತೆಗೆದರೆ ಮತ್ತೆ ಲೇಥ್ ಸೆಂಟರಿನಲ್ಲಿ ಹಿಡಿದು ಡಯಲ್ ಗೇಜ್ ಇಟ್ಟು ನೆಟ್ಟಗಿದೆಯಾ ನೋಡಬೇಕು. ಪುಲ್ಲರ್, ಡಯಲ್ ಗೇಜ್ ಎಲ್ಲಾ ಕೊಳ್ಳೋ ದುಡ್ಡಿಗೆ ಮಾಡಿಸಿಯೇ ತರಬಹುದು. ಹಳೇ ಟೂ ಸ್ಟ್ರೋಕ್ ಇಟ್ಟುಕೊಂಡವರಿಗೆ ನಮ್ಮೂರಿನಂಥ ಊರು ಸಿಗೋದು ಕಷ್ಟ. ಫೌಂಡ್ರಿ, ಲೇಥು, ಗ್ರೈಂಡಿಂಗು ಎಲ್ಲಾ ಉದ್ಯಮಬಾಗಿನಲ್ಲಿ ಒಂದೇ ರೋಡಿನ ಆಚೀಚೆ. ಬೇರೆ ಊರಿನವರು ಪಾರ್ಸಲ್ ಮಾಡಿ ಕಳಿಸೋ ಕೆಲಸಕ್ಕೆ ನಾವು ಸ್ಕೂಟರ್ ಮುಂದೆ ಇಟ್ಟುಕೊಂಡು ಹೋಗಿಬರಬಹುದು.

ಇನ್ನು ನಿಮ್ಮ ಬೋರಿಂಗ್ ಪ್ರಶ್ನೆ. ಅಂಗಡಿ ಹೆಸರು ಇಲ್ಲಿ ಬರೆಯಲ್ಲ, ಹೋಗಿ ನಿಂತು ನೋಡಿ. ಅಳತೆಗೆ ಡಯಲ್ ಬೋರ್ ಗೇಜ್ ಇಟ್ಟಿರಬೇಕು, ಬರೀ ಬೆರಳಲ್ಲಿ ನೋಡಿ ಹೇಳುವವರ ಹತ್ತಿರ ಕೊಡಬೇಡಿ. ಸ್ಟ್ಯಾಂಡರ್ಡ್ ಬೋರ್ 65 ಮಿಮೀ, ಅಲ್ಲಿಂದ ಕಾಲು ಕಾಲು ಮಿಲಿಮೀಟರ್ ಮೇಲಕ್ಕೆ ಸೈಜ್. ಗೆರೆ, ಗುಂಡಿ ಹೋಗುವ ಎಲ್ಲಕ್ಕಿಂತ ಸಣ್ಣ ಸೈಜಿಗೇ ನಿಲ್ಲಿಸಿ, ಮುಂದಿನ ಸಲಕ್ಕೂ ಬೋರಿನಲ್ಲಿ ಕಬ್ಬಿಣ ಉಳಿಯಲಿ. ಮೊದಲು ಅಳತೆ ಮಾಡಿಸಿ, ಆಮೇಲೆ ಪಿಸ್ಟನ್ ಕೊಂಡು ಕೈಯಲ್ಲಿ ಕೊಡಿ, ಆ ಪಿಸ್ಟನ್‌ಗೆ ತಕ್ಕಂತೆ ಬೋರ್ ಮಾಡಲಿ. ತರುವಾಗ ಪೋರ್ಟಿನ ಒಳ ಅಂಚುಗಳ ಮೇಲೆ ಬೆರಳು ಆಡಿಸಿ. ಚೂಪಾಗಿದ್ದರೆ ಅಲ್ಲೇ ವಾಪಸ್ ಕೊಟ್ಟು ಅಂಚು ಮುರಿಸಿಕೊಳ್ಳಿ, ಇಲ್ಲಾಂದ್ರೆ ಹೊಸ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತೆ. ಎಣ್ಣೆ ಲೀಟರ್ ಪೆಟ್ರೋಲಿಗೆ 40 ಮಿಲಿ, ಹೊಸ ಪಿಸ್ಟನ್ ಆದರೆ ಶುರುವಿಗೆ ಸ್ವಲ್ಪ ಜಾಸ್ತಿ.

ಡೀಸೆಲ್ ಹುಯ್ದು ವಾರ ಆದಮೇಲೆ ಗಾಲಿ ಅಲ್ಲಾಡಿತಾ ಇಲ್ವಾ ಅಂತ ಕೆಳಗೆ ಬರೆಯಿರಿ. ಬಿಪಿ ಯಂತ್ರ ಸಿಗದಿದ್ದರೆ ನನ್ನದು ಇದೆ, ಟಿಳಕವಾಡಿಗೆ ಬಂದು ಒಯ್ಯಿರಿ.